ಬಂಪರಿನ ಹೊಳಪು ಮತ್ತು ಹುಣಸೆಹಣ್ಣು

ಆಯುಧಪೂಜೆಗೆ ಇನ್ನೆರಡು ದಿನವಿದೆ ಎನ್ನುವಾಗ ಶಿವಮೊಗ್ಗೆಯ ವಿನೋಬನಗರದ ಬೀದಿಗಳಲ್ಲಿ ಹಾದುಹೋದರೆ ಮನೆಮನೆಯ ಮುಂದೆಯೂ ಒಂದೇ ನೋಟ: ಬಕೆಟ್ಟು, ಸೋಪಿನ ನೊರೆ, ಹಳೆಯ ಬನಿಯನ್ನಿನ ತುಂಡು. ಮಳೆಗಾಲವೆಲ್ಲ ಕೆಸರು ಮೆತ್ತಿಕೊಂಡಿದ್ದ ವಾಹನಗಳಿಗೆ ಅಂದು ಅಭ್ಯಂಜನ. ಒಳಗೆ ಅಡಿಗೆಮನೆಯಲ್ಲಿ ದೀಪದ ಕಂಬಗಳಿಗೂ ಪಂಚಪಾತ್ರೆಗೂ ಹುಣಸೆಹಣ್ಣಿನ ಉಪಚಾರ. ಈ ಎರಡು ಉಪಚಾರಗಳು ಬೇರೆಬೇರೆಯಾಗಿ ಇರುವವರೆಗೆ ಕ್ಷೇಮ. ಒಂದಾದರೆ ಕಾರಿಗೆ ಗಂಡಾಂತರ.

ಇಂತಹ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರು ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಷೆಡ್ಡಿನಲ್ಲಿ ಅವರ ತಂದೆಯವರ ಕಾಲದ ಅಂಬಾಸಿಡರ್ ನಿಂತಿದೆ. ಹಬ್ಬಕ್ಕೆ ಬಂದ ಅಳಿಯಂದಿರು ಉತ್ಸಾಹಿಗಳು.

“ಮಾವ, ದೀಪಕ್ಕೆ ಹಚ್ಚುವ ಪುಡಿ ಒಳಗಿದೆಯಲ್ಲ, ಅದನ್ನೇ ಕೊಡಿ. ಬಂಪರು ಕನ್ನಡಿಯಾಗುತ್ತದೆ.”

“ಬೇಡಿ, ಬಿಡಿ. ಎಡಗಡೆಯ ಮೂಲೆಯನ್ನು ಒಮ್ಮೆ ನೋಡಿ. ಮೂರು ವರ್ಷ ನಾನೇ ಹಾಗೆ ಉಜ್ಜಿದ್ದೆ.”

ಅಳಿಯಂದಿರು ಬಾಗಿ ನೋಡುತ್ತಾರೆ. ಬಂಪರಿನ ಉಳಿದ ಭಾಗವೆಲ್ಲ ನೀಲಿ ಛಾಯೆಯ ಬಿಳುಪು. ಆ ಮೂಲೆ ಮಾತ್ರ ತುಸು ಹಳದಿ. ಅದು ಕೊಳೆಯಲ್ಲ. ಕ್ರೋಮಿಯಂ ಸವೆದುಹೋಗಿ ಅಡಿಯ ನಿಕ್ಕಲ್ ಮುಖ ತೋರಿಸಿದೆ.

ನಾವು ಕ್ರೋಮ್ ಎಂದು ಕರೆಯುವ ಹೊಳಪಿನ ಗುಟ್ಟು ಇಲ್ಲಿದೆ. ಬಂಪರು ಕ್ರೋಮಿಯಮ್ಮಿನಿಂದ ಮಾಡಿದ್ದಲ್ಲ, ಉಕ್ಕಿನಿಂದ ಮಾಡಿದ್ದು. ಉಕ್ಕಿನ ಮೇಲೆ ಕೆಲವೊಮ್ಮೆ ತಾಮ್ರದ ಪದರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕೂ ಮೇಲೆ ಕ್ರೋಮಿಯಂ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಅಲಂಕಾರಕ್ಕೆಂದು ಲೇಪಿಸುವ ಕ್ರೋಮಿಯಮ್ಮಿನ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನನ್ನು ದಾಟುವುದಿಲ್ಲ. ನಮ್ಮ ತಲೆಗೂದಲು ಅದಕ್ಕಿಂತ ನೂರು ಪಾಲಿಗೂ ಮಿಗಿಲಾಗಿ ದಪ್ಪ! ತುಕ್ಕನ್ನು ತಡೆಯುವ ದೊಡ್ಡ ಕೆಲಸವನ್ನು ಮಾಡುವುದು ಹತ್ತಾರು ಮೈಕ್ರಾನ್ ದಪ್ಪವಿರುವ ನಿಕ್ಕಲ್. ಆ ನಿಕ್ಕಲ್ ಮಂಕಾಗದಂತೆ ಕಾಯುವುದು ಕ್ರೋಮಿಯಂ. ಕೀರ್ತಿ ಮಾತ್ರ ಮೇಲೆ ಕುಳಿತವನಿಗೆ, ಲೋಕದಲ್ಲಿ ಬೇರೆಡೆಯೂ ಹೀಗೆಯೇ.

ಕ್ರೋಮಿಯಂ ಅತ್ಯಂತ ಗಡುಸಾದ ಲೋಹ. 1797ರಲ್ಲಿ ಫ್ರಾನ್ಸಿನ ವಾಕ್ಲಾನ್ ಎಂಬ ರಸಾಯನಶಾಸ್ತ್ರಜ್ಞನು ಕೆಂಪು ಅದಿರೊಂದರಲ್ಲಿ ಅದನ್ನು ಕಂಡುಹಿಡಿದನು. ಅದರ ಲವಣಗಳು ಬಗೆಬಗೆಯ ಬಣ್ಣದವಾದುದರಿಂದ ಗ್ರೀಕ್ ಭಾಷೆಯ ‘ಬಣ್ಣ’ ಎಂಬ ಪದದಿಂದಲೇ ಅದಕ್ಕೆ ನಾಮಕರಣವಾಯಿತು. ಈ ಲೋಹದ ಅದಿರು ನಮ್ಮ ಹಾಸನ ಜಿಲ್ಲೆಯ ಬೈರಾಪುರದ ನೆಲದಲ್ಲಿಯೂ ಉಂಟು. 1920ರ ದಶಕದಲ್ಲಿ ವಿದ್ಯುತ್ತಿನಿಂದ ಕ್ರೋಮಿಯಂ ಲೇಪಿಸುವ ವಿಧಾನ ಕೈಗೂಡಿದ ಮೇಲೆ ಅದು ಮೋಟಾರು ಕಾರುಗಳನ್ನು ಏರಿತು. ಅದೇ ದಶಕದಲ್ಲಿ, 1923ರಲ್ಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಹೀಗಾಗಿ ಈ ಸೀಮೆಯ ಜನಕ್ಕೆ ತುಕ್ಕು ಎಂದರೇನೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಇಷ್ಟು ಗಡುಸಾದ ಲೋಹಕ್ಕೆ ಸಹ ತೆಳುವೇ ಶಾಪ. ಪ್ರತಿಸಲವೂ ಒರಟು ಪುಡಿಯಿಂದ ತಿಕ್ಕಿದರೆ ಮೊದಲು ಮೈಮೇಲೆ ಗೀರು ಬೀಳುತ್ತದೆ, ಕ್ರಮೇಣ ಪದರವೇ ಸವೆಯುತ್ತದೆ. ಪಾತ್ರೆ ತೊಳೆಯುವ ಪುಡಿ, ಇಟ್ಟಿಗೆಯ ಪುಡಿ, ಬೂದಿ, ತೆಂಗಿನ ನಾರು ಇವುಗಳ ಹತ್ತಿರವೂ ಬಂಪರು ಸುಳಿಯಕೂಡದು. ಹಿತ್ತಾಳೆಗೆಂದು ಮಾರುವ ದ್ರವ ಪಾಲಿಶ್‌ಗಳಲ್ಲಿ ಉಜ್ಜುವ ಕಣಗಳಿರುತ್ತವೆ. ಹಲವುಗಳಲ್ಲಿ ಅಮೋನಿಯಾವೂ ಇರುತ್ತದೆ. ದೇವರ ಮನೆಗೆ ಅದು ಸರಿ, ಷೆಡ್ಡಿಗೆ ಅಲ್ಲ. ಎಲ್ಲಕ್ಕಿಂತ ಕ್ರೂರವಾದದ್ದು ಬಚ್ಚಲು ತೊಳೆಯುವ ಆಸಿಡ್. ಲೇಪನದ ಕೆಲಸದವರು ಹಳೆಯ ಕ್ರೋಮಿಯಮ್ಮನ್ನು ಕಿತ್ತುಹಾಕಲು ಬಳಸುವುದೇ ಆ ಹೈಡ್ರೋಕ್ಲೋರಿಕ್ ಆಮ್ಲವನ್ನು ಎಂದ ಮೇಲೆ ಹೆಚ್ಚು ಹೇಳಬೇಕಾಗಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಬಹುಮಟ್ಟಿಗೆ ತೊಳೆಯುವುದು, ಅಷ್ಟೆ. ಮೊದಲು ಧಾರಾಳವಾಗಿ ನೀರು ಹೊಯ್ದು ಮರಳಿನ ಕಣಗಳನ್ನು ಹರಿದುಹೋಗಗೊಡಬೇಕು. ಬಳಿಕ ಕಾರಿಗೆಂದೇ ದೊರೆಯುವ ಮೃದುವಾದ ಸೋಪು, ಮೆತ್ತನೆಯ ಬಟ್ಟೆ. ಒಡನೆಯೇ ಒರಸಿ ಒಣಗಿಸಬೇಕು, ಬೋರ್‌ವೆಲ್ ನೀರು ತಾನಾಗಿ ಆರಿದರೆ ಸುಣ್ಣದ ಬಿಳಿ ಕಲೆ ನಿಲ್ಲುತ್ತದೆ. ಇಷ್ಟಕ್ಕೂ ಮಂಕು ಹೋಗದಿದ್ದರೆ ಮಾತ್ರ ಪಾಲಿಶ್. ಡಬ್ಬಿಯ ಮೇಲೆ ‘ಕ್ರೋಮ್’ ಎಂದು ಸ್ಪಷ್ಟವಾಗಿ ನಮೂದಿಸಿರುವುದನ್ನು ಆರಿಸಿ, ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ವರ್ಷಕ್ಕೆ ಒಂದೆರಡು ಸಲ ಹಚ್ಚಿದರೆ ಸಾಕು. ಕೊನೆಯಲ್ಲಿ ತೆಳುವಾಗಿ ಮೇಣ ಬಳಿದರೆ ಮಲೆನಾಡಿನ ಮಳೆ ಅದರ ಮೇಲೆ ಜಾರಿಹೋಗುತ್ತದೆ.

ಸೂಜಿಮೊನೆಯಂತಹ ತುಕ್ಕಿನ ಚುಕ್ಕೆಗಳಿಗೆ ಒಂದು ಸುಲಭೋಪಾಯ ಉಂಟು. ಊಟದ ಡಬ್ಬಿಗೆ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ನೀರಿನಲ್ಲಿ ಅದ್ದಿ, ಹಗುರವಾಗಿ ಉಜ್ಜುವುದು. ಅಲ್ಯೂಮಿನಿಯಂ ಕ್ರೋಮಿಯಮ್ಮಿಗಿಂತ ಬಹಳ ಮೃದು. ತುಕ್ಕು ಏಳುತ್ತದೆ, ಗೀರು ಬೀಳುವ ಭಯ ಕಡಮೆ. ಆದರೆ ತುಕ್ಕು ಹುಟ್ಟುವುದು ಅಡಿಯ ಉಕ್ಕಿನಲ್ಲಿ. ಪದರ ಉಬ್ಬಿ ಹೆಕ್ಕಳಿಕೆ ಏಳುತ್ತಿದ್ದರೆ ಯಾವ ಪಾಲಿಶೂ ಅದನ್ನು ಕೂಡಿಸಲಾರದು.

ಇಂದಿನ ಕಾರುಗಳ ಕಷ್ಟವೇ ಬೇರೆ. ಮುಂಭಾಗದ ಜಾಲರಿಯಲ್ಲಿ, ಬಾಗಿಲ ಹಿಡಿಗಳಲ್ಲಿ ಮಿನುಗುವುದು ಬಹುತೇಕ ಪ್ಲಾಸ್ಟಿಕ್ಕಿನ ಮೇಲಿನ ಲೇಪ. ಅದಕ್ಕೆ ಸೋಪು ನೀರಿಗಿಂತ ಹೆಚ್ಚಿನದನ್ನು ತೋರಿಸದಿರುವುದೇ ಲೇಸು. ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಗಳಿಗೆ ಸಾಮಾನ್ಯವಾಗಿ ಪಾರದರ್ಶಕ ವಾರ್ನಿಷಿನ ಹೊದಿಕೆ ಇರುತ್ತದೆ. ಲೋಹದ ಪಾಲಿಶ್ ಹಚ್ಚಿದರೆ ಉಜ್ಜಿದಂತಾಗುವುದು ವಾರ್ನಿಷನ್ನೇ. ಹೊದಿಕೆ ಇದೆಯೋ ಇಲ್ಲವೋ ತಿಳಿಯಲು, ಒಂದು ಮರೆಯ ಜಾಗದಲ್ಲಿ ತುಸು ಪಾಲಿಶ್ ಹಚ್ಚಿ ಒರಸಬೇಕು. ಬಟ್ಟೆ ಕಪ್ಪಾದರೆ ಬರಿಯ ಲೋಹ, ಕಪ್ಪಾಗದಿದ್ದರೆ ಹೊದಿಕೆ ಉಂಟೆಂದು ತಿಳಿಯಬಹುದು. ಬರಿಯ ಅಲ್ಯೂಮಿನಿಯಮ್ಮಿಗೆ ಕಾಸ್ಟಿಕ್ ಸೋಡಾ, ಬಟ್ಟೆ ಸೋಡಾ ಎರಡೂ ಶತ್ರುಗಳು. ಪೂಜೆಯ ದಿನ ಚಕ್ರದ ಕೆಳಗೆ ಸಿಡಿದ ನಿಂಬೆಹಣ್ಣಿನ ರಸವನ್ನೂ ಸಂಜೆಯೊಳಗೆ ತೊಳೆದುಬಿಡುವುದು ಒಳ್ಳೆಯದು. ದೇವರು ಅದಕ್ಕೆ ಕೋಪಿಸಿಕೊಳ್ಳನು.

ಸವೆದರೇನು, ಮತ್ತೆ ಲೇಪ ಹಾಕಿಸೋಣ ಎನ್ನುವವರಿದ್ದಾರೆ. ಖರ್ಚಿನ ಮಾತು ಹಾಗಿರಲಿ. ಈ ಲೇಪಕ್ಕೆ ಬಹುಕಾಲದಿಂದ ಬಳಸುತ್ತ ಬಂದಿರುವುದು ಕ್ರೋಮಿಕ್ ಆಮ್ಲದ ತೊಟ್ಟಿ. ಅದರಲ್ಲಿರುವ ಕ್ರೋಮಿಯಮ್ಮಿನ ರೂಪ ವಿಷಕಾರಿ. ಅದರ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದ ಕೆಲಸಗಾರರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವುಂಟು. ಬೆಂಗಳೂರಿನ ಪೀಣ್ಯದಲ್ಲಿ ಲೋಹಲೇಪನದ ಘಟಕಗಳು ನೂರಾರು ಬೆಳೆದವು, ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಒಂದು ಬಂಪರನ್ನು ಹುಣಸೆಹಣ್ಣಿನಿಂದ ಕಾಪಾಡಿದರೆ ಎಲ್ಲೋ ಒಬ್ಬ ಕೆಲಸಗಾರನಿಗೆ ಆ ತೊಟ್ಟಿಯ ಮುಂದೆ ನಿಲ್ಲುವ ಒಂದು ದಿನ ತಪ್ಪೀತು.

ವಿನೋಬನಗರದ ಆ ಮನೆಯಲ್ಲಿ ಅಳಿಯಂದಿರು ಪುಡಿಯ ಡಬ್ಬಿಯನ್ನು ಒಳಗೆ ಕೊಟ್ಟು ಬರುತ್ತಾರೆ. ಬಂಪರಿಗೆ ನೀರು, ಸೋಪು, ಮೇಣ. ಹಳದಿ ಮೂಲೆಯ ಮೇಲೆ ಮಾವನವರು ಕುಂಕುಮದ ಬೊಟ್ಟನ್ನು ಸ್ವಲ್ಪ ದೊಡ್ಡದಾಗಿಯೇ ಇಡುತ್ತಾರೆ.