‘ರನ್’ ಎಂಬ ಇಂಗ್ಲಿಷ್ ಧಾತುವಿನ ನಾನಾರ್ಥವಿಚಾರ

ಇಂಗ್ಲಿಷನ್ನು ಕಲಿಯತೊಡಗಿದ ಬಾಲಕನು ಮೊದಲ ಪಾಠಗಳಲ್ಲಿಯೇ ‘ರನ್’ ಎಂದರೆ ‘ಓಡು’ ಎಂದು ಕಂಠಪಾಠ ಮಾಡುತ್ತಾನೆ. ಅದೇ ಪದವನ್ನು ಮಹಾನಿಘಂಟುವಿನಲ್ಲಿ ತೆಗೆದು ನೋಡಿದ ಪ್ರೌಢನಾದರೋ ದಿಗ್ಭ್ರಾಂತನಾಗುತ್ತಾನೆ. 1755ರಲ್ಲಿ ಇಂಗ್ಲಿಷ್ ನಿಘಂಟುವನ್ನು ಪ್ರಕಟಿಸಿದ ಜಾನ್ಸನ್ ಪಂಡಿತನು, ಅರ್ಥವನ್ನು ಕಟ್ಟಿಹಾಕಲು ಕಷ್ಟವಾದ ಕ್ರಿಯಾಪದಗಳಲ್ಲಿ ಇದನ್ನೂ ತನ್ನ ಪೀಠಿಕೆಯಲ್ಲಿ ಎಣಿಸಿದ್ದಾನೆ. ಆಕ್ಸ್‌ಫರ್ಡ್ ನಿಘಂಟುವಿನ ಪರಿಷ್ಕರ್ತರು 2011ರ ವೇಳೆಗೆ ಈ ಒಂದು ಕ್ರಿಯಾಪದಕ್ಕೆ 645 ಅರ್ಥಭೇದಗಳನ್ನು ಗಣಿಸಿದರು. ಇಷ್ಟು ಅರ್ಥಗಳಲ್ಲಿ ಭಾಷಾಂತರಕಾರನು ಯಾವುದನ್ನು ಹಿಡಿಯಬೇಕು? ಈ ಪ್ರಶ್ನೆಯನ್ನು ನಮ್ಮ ಶಾಬ್ದಿಕರ ಮಾರ್ಗದಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಧಾತುಗಳಿಗೆ ಅನೇಕಾರ್ಥಗಳುಂಟೆಂಬುದು ನಮಗೆ ಹೊಸದಲ್ಲ. ‘ವಪ್’ ಧಾತುವು ಬೀಜವನ್ನು ಚೆಲ್ಲುವುದರಲ್ಲಿಯೂ ಕೇಶವನ್ನು ಕತ್ತರಿಸುವುದರಲ್ಲಿಯೂ ಪ್ರಯೋಗವಾಗುವುದನ್ನು ಪತಂಜಲಿಯು ಮಹಾಭಾಷ್ಯದಲ್ಲಿ ತೋರಿಸಿದ್ದಾನೆ. ಆದರೆ ಅನೇಕಾರ್ಥವೆಂದರೆ ಅವ್ಯವಸ್ಥೆಯಲ್ಲ, ಅದಕ್ಕೆ ಕಾರಣಗಳುಂಟು. ‘ರನ್’ ಧಾತುವಿನಲ್ಲಿ ಅವು ಮೂರು ವಿಧವಾಗಿ ಕಾಣುತ್ತವೆ.

ಮೊದಲನೆಯದು, ಧಾತುಗಳ ಸಂಕರ. ಪ್ರಾಚೀನ ಇಂಗ್ಲಿಷಿನಲ್ಲಿ ತಾನಾಗಿ ಓಡುವುದನ್ನು ಹೇಳುವ ಅಕರ್ಮಕ ಧಾತುವೊಂದು, ಓಡಿಸುವುದನ್ನು ಹೇಳುವ ಪ್ರೇರಣಾರ್ಥಕವೊಂದು ಬೇರೆಬೇರೆ ಇದ್ದವು. ಕಾಲಕ್ರಮದಲ್ಲಿ ಇವೆರಡೂ ಒಂದೇ ರೂಪದಲ್ಲಿ ಲೀನವಾದುವು. ಆದುದರಿಂದಲೇ ಕುದುರೆಯು ಓಡುವುದೂ ‘ರನ್’, ಯಜಮಾನನು ಅಂಗಡಿಯನ್ನು ನಡೆಸುವುದೂ ‘ರನ್’.

ಎರಡನೆಯದು, ಲಕ್ಷಣೆ. ತಡೆಯಿಲ್ಲದೆ ಮುಂದುವರಿಯುವಿಕೆಯೆಂಬ ಸಾದೃಶ್ಯದಿಂದ ಮುಖ್ಯಾರ್ಥವು ಬಲುದೂರ ಹಬ್ಬುತ್ತದೆ. ಇಂಗ್ಲಿಷರ ಮಾತಿನಲ್ಲಿ ನದಿ, ಮೂಗು, ಬಟ್ಟೆಯ ಬಣ್ಣ, ಯಂತ್ರ, ಬೇಲಿ ಎಲ್ಲಕ್ಕೂ ‘ರನ್’ ಒಂದೇ ಸಾಕು; ಕನ್ನಡದಲ್ಲಾದರೋ ನದಿಯು ಹರಿಯುತ್ತದೆ, ಮೂಗು ಸೋರುತ್ತದೆ, ಬಟ್ಟೆಯು ಬಣ್ಣ ಬಿಡುತ್ತದೆ, ಯಂತ್ರವು ನಡೆಯುತ್ತದೆ, ಬೇಲಿಯು ಹೊಲದ ಅಂಚಿನುದ್ದಕ್ಕೂ ಸಾಗುತ್ತದೆ. ಚುನಾವಣೆಯ ಅಭ್ಯರ್ಥಿಯು ಅಮೆರಿಕದಲ್ಲಿ ‘ಓಡಿದರೆ’, ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ ‘ನಿಲ್ಲುತ್ತಾನೆ’. ವಸ್ತುವೊಂದೇ, ದೃಷ್ಟಿಯು ಭಿನ್ನ.

ಮೂರನೆಯದು, ಸಹಚರಪದಗಳ ಬಲ. ಸಂಸ್ಕೃತದಲ್ಲಿ ‘ಗಮ್’ ಧಾತುವು ಉಪಸರ್ಗಭೇದದಿಂದ ಆಗಮನ, ನಿರ್ಗಮನ, ಸಂಗಮ, ಅವಗಮವೆಂದು ಬೇರೆಬೇರೆಯಾಗುವಂತೆ, ಇಂಗ್ಲಿಷಿನಲ್ಲಿ ಧಾತುವಿನ ಮುಂದೆ ಬರುವ ಕಿರುಪದಗಳು ಅರ್ಥವನ್ನು ಸೆಳೆದೊಯ್ಯುತ್ತವೆ. ‘ರನ್ ಔಟ್’ ಎಂದರೆ ಮುಗಿದುಹೋಗುವುದು. ‘ರನ್ ಇಂಟು’ ಎಂದರೆ ಅಕಸ್ಮಾತ್ತಾಗಿ ಸಂಧಿಸುವುದು. ‘ರನ್ ಓವರ್’ ಎಂದರೆ ವಾಹನವು ಒಬ್ಬನ ಮೇಲೆ ಹರಿಯುವುದು. ಅವಯವಗಳನ್ನು ಬಿಡಿಸಿ ಅರ್ಥಮಾಡಹೊರಟವನಿಗೆ ಇವು ದೊರೆಯವು. ಇಲ್ಲಿ ಯೋಗಕ್ಕಿಂತ ರೂಢಿಯೇ ಬಲವತ್ತರ.

ಹೀಗೆ ಹುಟ್ಟಿದ ಅರ್ಥಗಳಲ್ಲಿ ಪ್ರಕೃತವಾವುದೆಂದು ನಿರ್ಣಯಿಸುವ ಉಪಾಯಗಳನ್ನು ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ನಿರೂಪಿಸಿದ್ದಾನೆ: ಸಂಸರ್ಗ, ಸಾಹಚರ್ಯ, ಪ್ರಕರಣ, ದೇಶ, ಕಾಲ ಮುಂತಾದುವು. ಇದು ಬರಿಯ ಶಾಸ್ತ್ರವಿನೋದವೆಂದು ತಿಳಿಯಬಾರದು. ಒಬ್ಬ ಅಪರಾಧಿಗೆ ಒಂದೇ ವಿಚಾರಣೆಯಲ್ಲಿ ಎರಡು ಅಪರಾಧಗಳಿಗಾಗಿ 3 ವರ್ಷ ಮತ್ತು 5 ವರ್ಷಗಳ ಸೆರೆವಾಸವು ವಿಧಿಸಲ್ಪಟ್ಟಿತೆನ್ನೋಣ. ಇವು ಏಕಕಾಲದಲ್ಲಿ ‘ರನ್’ ಆಗಬೇಕೋ, ಒಂದಾದ ಮೇಲೊಂದು ‘ರನ್’ ಆಗಬೇಕೋ ಎಂಬುದನ್ನು ನ್ಯಾಯಾಲಯವು ಆಜ್ಞಾಪಿಸಬೇಕೆಂದು 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 25ನೆಯ ಪ್ರಕರಣವು ವಿಧಿಸುತ್ತದೆ. ಮೊದಲನೆಯದಾದರೆ ಒಟ್ಟು ಸೆರೆವಾಸವು 5 ವರ್ಷ. ಎರಡನೆಯದಾದರೆ 8 ವರ್ಷ. ಮೊದಲನೆಯದನ್ನು ‘ಶಿಕ್ಷೆಗಳು ಜೊತೆಯಾಗಿ ಓಡತಕ್ಕವು’ ಎಂದು ಅನುವಾದಿಸಿದರೆ ಅರ್ಥವೇ ಆಗದು. ‘ಕೂಡಿ ನಡೆಯತಕ್ಕವು’ ಎಂದರೆ ಓದುವವನು ಎರಡನ್ನೂ ಕೂಡಿಸಿ ಎಂಟೆಂದೆಣಿಸಬಹುದು. ‘ಎರಡು ಶಿಕ್ಷೆಗಳನ್ನೂ ಏಕಕಾಲದಲ್ಲಿ ಅನುಭವಿಸತಕ್ಕದ್ದು’ ಎಂದು ಬರೆದರೆ ಸಂದೇಹಕ್ಕೆಡೆಯಿಲ್ಲ. ‘ರನ್’ ಶಬ್ದದ ಸ್ಥಾನದಲ್ಲಿ ‘ಅನುಭವಿಸು’ ಎಂಬ ಮಾತನ್ನು ಯಾವ ಪಟ್ಟಿಯೂ ಮೊದಲು ಹೇಳಲಾರದು. ಪ್ರಕರಣವೇ ಅದನ್ನು ಹೇಳಿಕೊಡುತ್ತದೆ. ಒಂದು ಕ್ರಿಯಾಪದದ ಅನುವಾದದಲ್ಲಿ ಮನುಷ್ಯನೊಬ್ಬನ ಮೂರು ವರ್ಷಗಳು ಅಡಗಿರಬಹುದು.

ಇದು ಇಂಗ್ಲಿಷಿನ ದೋಷವೆಂದು ಹಳಿಯುವವರು ನಮ್ಮ ‘ಹೊಡೆ’ ಧಾತುವನ್ನು ನೆನೆಯಬೇಕು. ಗಂಟೆ ಹೊಡೆಯುತ್ತೇವೆ, ಬಂಡಿ ಹೊಡೆಯುತ್ತೇವೆ, ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ನಿದ್ರೆಯಲ್ಲಿ ಗೊರಕೆ ಹೊಡೆಯುತ್ತೇವೆ. ಇಷ್ಟರಲ್ಲಿ ಯಾರಿಗೂ ಪೆಟ್ಟು ಬೀಳುವುದಿಲ್ಲ! ಕನ್ನಡ ಕಲಿಯುವ ಪರದೇಶೀಯನಿಗೆ ಇದೂ ಅಷ್ಟೇ ವಿಸ್ಮಯಕರ.

ಆದುದರಿಂದ ದ್ವಿಭಾಷಾನಿಘಂಟುಗಳನ್ನು ರಚಿಸುವವರು ಪ್ರತಿಪದಗಳ ರಾಶಿಯನ್ನು ಒಡ್ಡುವುದಕ್ಕಿಂತ, ಪ್ರತಿಯೊಂದು ಅರ್ಥಕ್ಕೂ ಒಂದು ಪೂರ್ಣವಾಕ್ಯವನ್ನೂ ಅದರ ಅನುವಾದವನ್ನೂ ಕೊಡುವುದು ಶ್ರೇಯಸ್ಕರ. ಉಪಾಧ್ಯಾಯರೂ ‘ರನ್ ಎಂದರೆ ಓಡು’ ಎಂದು ನಿಲ್ಲಿಸದೆ, ಯಾವುದು, ಎಲ್ಲಿ, ಯಾವುದರೊಡನೆ ಎಂಬ ಪ್ರಶ್ನೆಯನ್ನು ಬಾಲಕರಿಗೆ ಅಭ್ಯಾಸಮಾಡಿಸಲಿ. ಅರ್ಥವು ಶಬ್ದದಲ್ಲಿ ಒಂಟಿಯಾಗಿ ವಾಸಿಸುವುದಿಲ್ಲ. ವಾಕ್ಯವೇ ಅದರ ಮನೆ. ವಿದ್ವಾಂಸರು ಪರಾಮರ್ಶಿಸಬೇಕೆಂದು ಪ್ರಾರ್ಥನೆ.