ಮರದ ಗುಣಗಳನ್ನು ಕುರಿತ ಉನ್ನತ ವ್ಯಾಸಂಗ

ಪ್ರೌಢಶಾಲೆಯನ್ನು ಮುಗಿಸಿದ ಹೆಣ್ಣುಮಕ್ಕಳು ಮುಂದೆ ಯಾವ ವಿದ್ಯೆಯನ್ನು ಕೈಕೊಳ್ಳಬೇಕೆಂಬ ಮಾತು ಬಂದಾಗ ವೈದ್ಯ, ಉಪಾಧ್ಯಾಯ ವೃತ್ತಿ, ಲೆಕ್ಕಪತ್ರ, ಈಚೆಗೆ ಕಂಪ್ಯೂಟರ್ ಇವುಗಳ ಹೆಸರು ಬರುವುದೇ ಹೊರತು ಮರದ ಹೆಸರು ಬರುವುದಿಲ್ಲ. ಮರವೆಂದರೆ ಬಡಗಿಯ ಕೆಲಸ, ಇಲ್ಲವೆ ಒಲೆಯ ಕೆಲಸ, ಇದರಲ್ಲಿ ಎಂ.ಎಸ್‌ಸಿ. ಪದವಿಯವರೆಗೂ ಓದತಕ್ಕದ್ದೇನಿದೆ ಎಂದು ತಂದೆತಾಯಿಗಳು ಕೇಳುವುದು ಸಹಜವೇ ಆಗಿದೆ. ಆದರೆ ಈ ಪ್ರಶ್ನೆಗೆ ಉತ್ತರವನ್ನು ದೂರದೇಶದಲ್ಲಿ ಹುಡುಕಬೇಕಾಗಿಲ್ಲ. ಬಿಡದಿಯಿಂದ ಮೈಸೂರು ರಸ್ತೆಯಲ್ಲಿ ಸುಮಾರು 30 ಕಿಲೋಮೀಟರು ಹೋದರೆ ಚನ್ನಪಟ್ಟಣವು ಸಿಕ್ಕುತ್ತದೆ. ಆ ಊರಿನ ಬಣ್ಣದ ಬೊಂಬೆಗಳೊಡನೆ ಆಡದೆ ಬೆಳೆದ ಮಕ್ಕಳು ನಮ್ಮ ಸೀಮೆಯಲ್ಲಿ ವಿರಳ. ಆ ಬೊಂಬೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಈ ವಿದ್ಯೆಯ ಸ್ವರೂಪವನ್ನು ತಿಳಿಯಪಡಿಸಲು ನಾವು ಪ್ರಯತ್ನಿಸುತ್ತೇವೆ.

ಚನ್ನಪಟ್ಟಣದ ಕೈಗಾರಿಕೆಯು ಟೀಪೂ ಸುಲ್ತಾನನ ಕಾಲದಲ್ಲಿ ಪಾರಸೀಕ ಕುಶಲಿಗರಿಂದ ಬಂದಿತೆಂಬ ಪ್ರತೀತಿಯುಂಟು. ಅದರ ಬಾಳೆಲ್ಲವೂ ಒಂದು ಮರವನ್ನು ಆಶ್ರಯಿಸಿದೆ. ಅದೇ ಆಲೆಮರ. ಕೆಲವರು ಹಾಲೆಯೆಂದೂ, ಬೆಪ್ಪಾಲೆಯೆಂದೂ ಹೇಳುವುದುಂಟು. ಶಾಸ್ತ್ರಜ್ಞರು ಇದಕ್ಕೆ ರೈಟಿಯಾ ಟಿಂಕ್ಟೋರಿಯಾ ಎಂದು ಹೆಸರಿಟ್ಟಿದ್ದಾರೆ. ಕಣಗಿಲೆಯ ಕುಟುಂಬಕ್ಕೆ ಸೇರಿದ ಈ ಗಿಡದ ಎಲೆಯನ್ನು ಮುರಿದರೆ ಹಾಲು ಸುರಿಯುತ್ತದೆ. ಎಲೆಯಿಂದ ನೀಲಿಯಂತಹ ಬಣ್ಣವನ್ನು ತೆಗೆಯುತ್ತಿದ್ದರಾದ್ದರಿಂದ ಹೆಸರಿನ ಎರಡನೆಯ ಭಾಗವು ಬಂದಿತು. ದೊಡ್ಡ ವೃಕ್ಷವೇನೂ ಅಲ್ಲ. ತೊಲೆಗಾಗಲಿ ಹಲಗೆಗಾಗಲಿ ಯಾರೂ ಇದನ್ನು ಅರಸಿ ಹೋಗುವುದಿಲ್ಲ. ಹೀಗಿದ್ದರೂ ಕಡೆಯುವವನ ಕಣ್ಣಿಗೆ ಇದು ತೇಗಕ್ಕಿಂತಲೂ ಬೆಲೆಯುಳ್ಳದ್ದು. ಕಾರಣವನ್ನು ಕೇಳಿದರೆ ಮರವು ಬೆಳ್ಳಗಿದೆ, ನುಣ್ಣಗಿದೆ, ಉಳಿಗೆ ಒಗ್ಗುತ್ತದೆ ಎಂದು ಹೇಳಿಯಾನು. ಅವನು ಹೇಳುವುದು ಸರಿಯೇ. ಹಾಗಿರುವುದಕ್ಕೆ ಕಾರಣವೇನು, ಬೇರೆ ಯಾವ ಮರದಲ್ಲಿ ಆ ಗುಣಗಳು ಎಷ್ಟೆಷ್ಟು ಇವೆ, ಅವುಗಳನ್ನು ಹೇಗೆ ಅಳೆಯತಕ್ಕದ್ದು ಎಂದು ಮುಂದಕ್ಕೆ ಕೇಳುವುದೇ ಮರದ ವಿಜ್ಞಾನವು.

ಮರದ ತುಂಡನ್ನು ಅಡ್ಡಲಾಗಿ ಕೂದಲಿಗಿಂತ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಜೇನುಹುಟ್ಟಿನಂತಹ ನೋಟವು ಕಾಣುತ್ತದೆ. ನೀರನ್ನು ಮೇಲಕ್ಕೆ ಒಯ್ದ ನಾಳಗಳು ರಂಧ್ರಗಳಾಗಿಯೂ, ಅವುಗಳ ಸುತ್ತಲೂ ಬಲವನ್ನು ಕೊಡುವ ನಾರುಗಳೂ ಇರುತ್ತವೆ. ಆಲೆಮರದಲ್ಲಿ ಈ ರಂಧ್ರಗಳು ಬಹು ಸಣ್ಣವಾಗಿ, ಎಲ್ಲೆಡೆಯೂ ಸಮನಾಗಿ ಹರಡಿರುತ್ತವೆ. ಹೊರಗಿನ ಬಿಳಿಯ ಮರಕ್ಕೂ ಒಳಗಿನ ಚೇಗಿಗೂ ಬಣ್ಣದಲ್ಲಿ ಹೆಚ್ಚಿನ ಭೇದವಿಲ್ಲ. ಕಡೆಸಲಿನ ಮೇಲೆ ತಿರುಗುತ್ತಿರುವ ಮರಕ್ಕೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜುವಿಕೆಯಿಂದಲೇ ಶಾಖವು ಹುಟ್ಟಿ, ಸುಮಾರು 75 ಡಿಗ್ರಿ ಸೆಂಟಿಗ್ರೇಡಿನಲ್ಲಿ ಮೆತ್ತಗಾಗುವ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಬಳಿಕ ಕೇದಗೆಯ ಗರಿಯಿಂದ ಒತ್ತಿ ತೀಡಿದರೆ ಬಣ್ಣವು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುವುದು. ರಂಧ್ರಗಳು ದೊಡ್ಡವಾಗಿದ್ದ ಮರದಲ್ಲಿ ಅರಗು ಅಲ್ಲಲ್ಲಿ ಇಳಿದುಹೋಗಿ ಮೈ ಸಮನಾಗಿ ಕೂಡುವುದು ಕಷ್ಟ. ಗರಿಯ ಹೊಳಪಿಗೂ ಸೂಕ್ಷ್ಮದರ್ಶಕದ ನೋಟಕ್ಕೂ ಇರುವ ಸಂಬಂಧವು ಇಂತಹುದು.

ಇನ್ನು ತೇವದ ವಿಷಯ. ಈ ವಿದ್ಯೆಯಲ್ಲಿ ಅರ್ಧ ಭಾಗವು ತೇವವೇ ಎಂದರೂ ಸಲ್ಲುವುದು. ತೇವವನ್ನು ಅಳೆಯುವ ಕ್ರಮವು ಅಡಿಗೆಯ ಮನೆಯ ಕೆಲಸದಷ್ಟೇ ಸರಳವಾಗಿದೆ. ಮರದ ಚೂರನ್ನು ತೂಗಿ, 103 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ತೂಕವು ಇನ್ನು ಇಳಿಯದೆಂಬವರೆಗೆ ಒಣಗಿಸಿ, ಮತ್ತೆ ತೂಗಬೇಕು. 150 ಗ್ರಾಂ ಇದ್ದದ್ದು 100 ಗ್ರಾಂ ಆದರೆ ತೇವವು ನೂರಕ್ಕೆ 50. ಲೆಕ್ಕವನ್ನು ಒಣಮರದ ತೂಕದ ಮೇಲೆ ಹಾಕುವುದರಿಂದ ಹಸಿಯ ಹಗುರ ಮರಗಳಲ್ಲಿ ತೇವವು ನೂರಕ್ಕೆ ನೂರನ್ನು ಮೀರುವುದೂ ಉಂಟು. ಮೊದಲ ಸಲ ಕೇಳಿದ ವಿದ್ಯಾರ್ಥಿನಿಯರು ಇದಕ್ಕೆ ನಗುತ್ತಾರೆ. ಮರವು ಒಣಗುತ್ತ ಬಂದು ತೇವವು ಸುಮಾರು 30ಕ್ಕೆ ಇಳಿಯುವವರೆಗೆ ಕೋಶಗಳ ಪೊಳ್ಳಿನೊಳಗಿನ ನೀರು ಮಾತ್ರ ಹೋಗುವುದರಿಂದ ಗಾತ್ರದಲ್ಲಿ ವ್ಯತ್ಯಾಸವಿಲ್ಲ. ಅಲ್ಲಿಂದ ಕೆಳಗೆ ಕೋಶದ ಗೋಡೆಯೊಳಗಿನ ನೀರು ಹೊರಡುತ್ತದೆ. ಆಗ ಮರವು ಕುಗ್ಗತೊಡಗುತ್ತದೆ. ಈ ಕುಗ್ಗುವಿಕೆಯು ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ಉದ್ದಕ್ಕೆ ಬಹಳ ಸ್ವಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಹೆಚ್ಚು. ವಲಯವನ್ನು ಅನುಸರಿಸಿ ಸುತ್ತುವ ದಿಕ್ಕಿನಲ್ಲಿ ಅದರ ಸುಮಾರು ಇಮ್ಮಡಿ.

ಬೊಂಬೆಯ ಗಾಡಿಗೆ 60 ಮಿಲಿಮೀಟರು ಅಗಲದ ಚಕ್ರವೊಂದನ್ನು ದಿಮ್ಮಿಯ ಬದಿಯಿಂದ ಹಸಿಮರದಲ್ಲಿಯೇ ಕಡೆದರೆಂದು ಎಣಿಸೋಣ. ಒಂದು ದಿಕ್ಕಿನಲ್ಲಿ ನೂರಕ್ಕೆ 3, ಇನ್ನೊಂದು ದಿಕ್ಕಿನಲ್ಲಿ 6 ಕುಗ್ಗಿದರೆ ಚಕ್ರವು ಒಂದು ಕಡೆ 58.2, ಇನ್ನೊಂದು ಕಡೆ 56.4 ಮಿಲಿಮೀಟರಾಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮಗುವು ಎಳೆದಾಗ ಗಾಡಿಯು ಕುಂಟುತ್ತದೆ. ಮೈಮೇಲಿನ ಅರಗೂ ಬಿರಿಯುತ್ತದೆ. ಚನ್ನಪಟ್ಟಣದವರು ತೊಗಟೆಯನ್ನು ಸುಲಿದ ಮರವನ್ನು ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿಯೇ ಕೈಹಚ್ಚುವುದು ಇದಕ್ಕಾಗಿಯೇ. ಅವರಿಗೆ ಅಂಕೆಗಳು ಬೇಕಾಗಿರಲಿಲ್ಲ. ಒಂದೇ ಮರ, ಒಂದೇ ಹವೆ, ತಂದೆಯಿಂದ ಮಗನಿಗೆ ಬಂದ ಕೈಯ ಅನುಭವ, ಇವು ಇರುವವರೆಗೆ ಅಂಕೆಗಳಿಲ್ಲದೆಯೇ ಸಾಗಿತು.

ಈಗ ಆ ಮರವು ಮೊದಲಿನಷ್ಟು ಸುಲಭವಾಗಿ ದೊರೆಯುತ್ತಿಲ್ಲ. ಹೊಲದ ಬದುಗಳಿಂದಲೂ ಕುರುಚಲು ಕಾಡುಗಳಿಂದಲೂ ಬರುತ್ತಿದ್ದ ಆಲೆಯು ಕಡಮೆಯಾದಂತೆ ಬೆಲೆ ಏರಿತು. ರಬ್ಬರಿನ ಮರ, ಸಿಲ್ವರ್ ಓಕ್ ಮೊದಲಾದುವು ಕಾರ್ಖಾನೆಗಳಿಗೆ ಬಂದುವು. ನೂರಾರು ಮನೆಗಳ ಅನ್ನದ ಪ್ರಶ್ನೆಯು ಇಲ್ಲಿ ಅಡಗಿದೆ. ರಬ್ಬರಿನ ಮರದಲ್ಲಿ ಹಿಟ್ಟಿನ ಅಂಶವು ಹೇರಳವಾಗಿರುವುದರಿಂದ ಕಡಿದ ಕೆಲವೇ ದಿವಸಗಳಲ್ಲಿ ಬೂಷ್ಟು ಹಿಡಿದು ನೀಲಿಗಟ್ಟುತ್ತದೆ, ಹುಳುವೂ ಬೀಳುತ್ತದೆ. ಆದಕಾರಣ ಬೋರಾನಿನ ಲವಣಗಳನ್ನು ಮರದೊಳಕ್ಕೆ ಇಳಿಸಿ ಒಣಗಿಸುವರು. ಸೋಫಾಕ್ಕೆ ಇದು ಸಾಕು. ಆದರೆ ಹಲ್ಲು ಬರುತ್ತಿರುವ ಕೂಸು ಬಾಯಿಗೆ ಹಾಕಿಕೊಳ್ಳುವ ಕಡ್ಡಿಗೆ ಯಾವ ಮರ, ಎಷ್ಟು ತೇವ, ಯಾವ ಸಂಸ್ಕಾರ ಸಲ್ಲುವುದೆಂಬುದನ್ನು ಹೇಳಬೇಕಾದವರು ಅಳೆದು ನೋಡಿಯೇ ಹೇಳಬೇಕು. ಆಲೆಯನ್ನೇ ಮತ್ತೆ ಬೆಳೆಸಬಾರದೇ ಎಂದರೆ ಅದೂ ಆಗತಕ್ಕ ಕೆಲಸವೇ. ಕಡಿದ ಬುಡದಿಂದ ಆಲೆಯು ಚೆನ್ನಾಗಿ ಚಿಗುರುತ್ತದೆ. ಹಾಗೆ ಚಿಗುರಿ ಬೇಗ ಬೆಳೆದ ಮರದ ಸಾಂದ್ರತೆಯೂ ನುಣುಪೂ ಹಳೆಯ ಮರದಂತೆಯೇ ಇರುವುದೋ, ಎಷ್ಟನೆಯ ವರ್ಷದಲ್ಲಿ ಕಡಿಯುವುದು ಲೇಸು, ಎಂಬುವು ಎಂ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕಾಗಿ ಎತ್ತಿಕೊಳ್ಳಬಹುದಾದ ಪ್ರಶ್ನೆಗಳು. ಮಾಗಡಿ, ಕನಕಪುರಗಳ ರೈತರು ಅದರ ಉತ್ತರವನ್ನು ಆಸಕ್ತಿಯಿಂದ ಓದುವರೆಂದು ನಮ್ಮ ನಂಬಿಕೆ.

ಬಿಡದಿಯವರಿಗೆ ಇನ್ನೊಂದು ಉದಾಹರಣೆಯು ಮನೆಯ ಬಾಗಿಲಿನಲ್ಲಿಯೇ ಇದೆ. ಇಲ್ಲಿಯ ಕೈಗಾರಿಕಾ ಪ್ರದೇಶಕ್ಕೆ ಹೊರದೇಶಗಳಿಂದ ಯಂತ್ರಭಾಗಗಳು ಬರುವ ಮರದ ಪೆಟ್ಟಿಗೆಗಳ ಮೇಲೆ ಗೋಧಿಯ ತೆನೆಯ ಚಿತ್ರವೂ ಪಕ್ಕದಲ್ಲಿ ಎಚ್.ಟಿ. ಎಂಬ ಅಕ್ಷರಗಳೂ ಸುಟ್ಟು ಒತ್ತಿರುವುದನ್ನು ನೋಡಬಹುದು. ಮರದ ನಡುಭಾಗವು 56 ಡಿಗ್ರಿಯ ಶಾಖದಲ್ಲಿ ಎಡೆಬಿಡದೆ 30 ನಿಮಿಷ ಇತ್ತೆಂಬುದಕ್ಕೆ ಅದು ಸಾಕ್ಷಿ. ಒಂದು ದೇಶದ ಮರದ ಹುಳು ಇನ್ನೊಂದು ದೇಶದ ಕಾಡನ್ನು ಹೊಗದಿರಲೆಂದು 2002ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ನಿಯಮವಿದು. ಮರದ ಹೊರಮೈ ಬಿಸಿಯಾದರೂ ನಡುಭಾಗವು ತಣ್ಣಗೇ ಇರಬಲ್ಲುದು. ಎಷ್ಟು ದಪ್ಪದ ಮರಕ್ಕೆ ಎಷ್ಟು ಹೊತ್ತು ಬೇಕೆಂದು ಗೊತ್ತುಮಾಡುವವರು ಈ ವಿದ್ಯೆಯನ್ನು ಓದಿದವರೇ.

ಕಡೆದು ಉಳಿದ ಸಿಪ್ಪೆ, ಗರಗಸದ ಹೊಟ್ಟು, ರೆಂಬೆ, ಹಿಪ್ಪುನೇರಳೆಯ ಕಡ್ಡಿ ಇವುಗಳನ್ನು ಏನು ಮಾಡಬೇಕೆಂಬುದು ಈ ವ್ಯಾಸಂಗದ ಎರಡನೆಯ ಭಾಗ. ಇವೆಲ್ಲಕ್ಕೂ ಸೇರಿಸಿ ಜೀವರಾಶಿ ಎನ್ನುತ್ತಾರೆ. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆದಾರರು ಗೂಡನ್ನು ಬೇಯಿಸಲು ಸೌದೆಯನ್ನು ಉರಿಸುತ್ತ ಬಂದವರು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4,500 ಕಿಲೋಕ್ಯಾಲರಿ ಶಾಖವಿದೆ. ಜಾಲಿಯಾಗಲಿ ನೀಲಗಿರಿಯಾಗಲಿ, ತೂಕಕ್ಕೆ ತೂಕ ಹೋಲಿಸಿದರೆ ವ್ಯತ್ಯಾಸವು ಅಲ್ಪ. ಆದರೆ ಕಡಿದ ಹೊಸತರಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಆಗ ಒಂದು ಕಿಲೋ ಕೊಂಡವನು ಅರ್ಧ ಕಿಲೋ ನೀರಿಗೆ ಹಣ ಕೊಟ್ಟಂತಾಯಿತು. ಅಷ್ಟೇ ಅಲ್ಲದೆ ಆ ನೀರನ್ನು ಆವಿಮಾಡಲು ಉಳಿದ ಸೌದೆಯ ಶಾಖದಿಂದ ಸುಮಾರು 300 ಕಿಲೋಕ್ಯಾಲರಿ ಹೋಗುವುದು. ಹೊಗೆಯಿಂದ ಕಣ್ಣು ಕೆಡುವುದು ಬೇರೆ. ನಮ್ಮ ಅಜ್ಜಿಯರು ಮಳೆಗಾಲಕ್ಕೆ ಮುಂಚೆ ಸೌದೆಯನ್ನು ಅಟ್ಟಕ್ಕೆ ಏರಿಸುತ್ತಿದ್ದುದು ಈ ಲೆಕ್ಕವನ್ನು ಅರಿತೇ ಇರಬೇಕು.

ಮರವನ್ನು ಸುಡುವುದಕ್ಕಿಂತ ಮೇಲಾದ ಮಾರ್ಗವೂ ಇದೆ. ಸಾಕಷ್ಟು ಗಾಳಿಯನ್ನು ಕೊಡದೆ ಕುಲುಮೆಯಲ್ಲಿ ಕಾಯಿಸಿದರೆ ಮರವು ಉರಿಯಬಲ್ಲ ಅನಿಲವಾಗಿ ಮಾರ್ಪಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಿಂದ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರವಿದ್ಯೆಯ ಕೇಂದ್ರವು ಹೊಗೆ ಕಡಮೆಯಾದ ಒಲೆಯನ್ನು ಹಳ್ಳಿಗಳಿಗೆ ಕೊಟ್ಟದ್ದನ್ನು ಹಿರಿಯರು ಬಲ್ಲರು. ಮಾಗಡಿಗೆ ನೆರೆಯಾದ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಅದೇ ಸಂಸ್ಥೆಯವರು 1988ರಲ್ಲಿ ಇಂತಹ ಅನಿಲದ ಯಂತ್ರವನ್ನು ಸ್ಥಾಪಿಸಿದರು. ಊರಿನ ಬಳಿಯೇ ಬೆಳೆಸಿದ ಮರಗಳ ತುಂಡುಗಳಿಂದ ಅನಿಲವನ್ನು ಮಾಡಿ, ಡೀಸೆಲ್ ಎಂಜಿನ್ನಿಗೆ ಕೊಟ್ಟು, ಡೀಸೆಲ್ಲಿನ ಬಹುಭಾಗವನ್ನು ಉಳಿಸಿ, ವಿದ್ಯುತ್ತಿಲ್ಲದಿದ್ದ ಆ ಹಳ್ಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಹಿಟ್ಟಿನ ಗಿರಣಿಯನ್ನೂ ಒದಗಿಸಿದರು. ಅಲ್ಲಿಯೂ ಮೊದಲಿನ ನಿಯಮವೇ: ತುಂಡುಗಳು ನೂರಕ್ಕೆ 20ಕ್ಕಿಂತ ಹೆಚ್ಚು ತೇವವಾಗಿದ್ದರೆ ಅನಿಲವು ಬಡಕಲಾಗಿ ಡಾಂಬರಿನಂತಹ ಜಿಡ್ಡು ಎಂಜಿನ್ನನ್ನು ಕಟ್ಟಿಹಾಕುವುದು.

ಇನ್ನು ವ್ಯಾಸಂಗದ ಸ್ಥಳಗಳು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಸರ್ಕಾರವು 1938ರಲ್ಲಿ ತೆರೆದ ಅರಣ್ಯ ಸಂಶೋಧನಾ ಪ್ರಯೋಗಶಾಲೆಯು 1988ರಿಂದ ಮರದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂಬ ಹೆಸರಿನಿಂದ ನಡೆಯುತ್ತಿದೆ. ಪುಸ್ತಕಾಲಯದಲ್ಲಿ ಪುಸ್ತಕಗಳಿರುವಂತೆ ಅಲ್ಲಿ ಮರದ ತುಂಡುಗಳನ್ನು ಸಾಲಾಗಿ ಇಟ್ಟಿದ್ದಾರೆ. ಅದು ಮುಖ್ಯವಾಗಿ ಸಂಶೋಧನೆಯ ಸ್ಥಳ. ಈ ವಿಷಯದಲ್ಲಿಯೇ ಎರಡು ವರ್ಷಗಳ ಎಂ.ಎಸ್‌ಸಿ. ಪದವಿಯನ್ನು ಕೊಡುವುದು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ; ಅದು 1906ರಲ್ಲಿ ಸ್ಥಾಪಿತವಾಗಿ 1991ರಲ್ಲಿ ವಿಶ್ವವಿದ್ಯಾಲಯದ ಸ್ಥಾನವನ್ನು ಪಡೆಯಿತು. ನಮ್ಮ ರಾಜ್ಯದೊಳಗೆ ಶಿರಸಿ ಮತ್ತು ಪೊನ್ನಂಪೇಟೆಗಳ ಅರಣ್ಯ ಕಾಲೇಜುಗಳಿವೆ. ಅಲ್ಲಿ ನಾಲ್ಕು ವರ್ಷಗಳ ಬಿ.ಎಸ್‌ಸಿ. ಮುಗಿಸಿದವರು ಅರಣ್ಯೋತ್ಪನ್ನಗಳ ವಿಭಾಗದಲ್ಲಿ ಮುಂದುವರಿಯಬಹುದು. ಹೊರಗೆ ಫಿನ್‌ಲೆಂಡ್, ಸ್ವೀಡನ್, ಕೆನಡಾ ದೇಶಗಳು ಇದರಲ್ಲಿ ಹೆಸರಾದವು. ಎಲ್ಲಿ ಓದಿದರೂ ಮೊದಲು ಮರದ ರಚನೆ, ರಸಾಯನ, ಬಲಪರೀಕ್ಷೆ, ಒಣಗಿಸುವಿಕೆ, ಸಂರಕ್ಷಣೆ, ಅಂಟುಗಳು, ಪ್ಲೈವುಡ್, ಕಾಗದದ ತಿರುಳು, ಇಂಧನ ಇವುಗಳನ್ನು ಕಲಿತು, ಕಡೆಗೆ ಸ್ವಂತ ಪ್ರಯೋಗದಿಂದ ಪ್ರಬಂಧವೊಂದನ್ನು ಬರೆಯಬೇಕು.

ಹೆಣ್ಣುಮಕ್ಕಳಿಗೆ ಇದು ಒಗ್ಗುವುದೇ ಎಂಬ ಸಂದೇಹಕ್ಕೆ ಹೆಚ್ಚು ಮಾತು ಬೇಡ. ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ ಅವರು ತಲಶ್ಶೇರಿಯಿಂದ ಹೊರಟು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1931ರಲ್ಲಿಯೇ ಡಾಕ್ಟರೇಟ್ ಪಡೆದರು. ಭಾರತೀಯ ಅರಣ್ಯ ಸೇವೆಗೆ 1980ರಲ್ಲಿ ಮೊದಲ ಬಾರಿಗೆ ಸ್ತ್ರೀಯರು ಸೇರಿದರು. ಚನ್ನಪಟ್ಟಣದಲ್ಲಿಯೂ ಕಡೆಸಲಿನ ಮುಂದೆ ಹೆಂಗಸರು ಕುಳಿತಿದ್ದಾರೆ.

ಸಂಪಾದನೆಯ ವಿಷಯದಲ್ಲಿ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಬೇಕು. ಕಂಪ್ಯೂಟರ್ ಓದಿದವರಿಗೆ ಇರುವಷ್ಟು ಕೆಲಸಗಳು ಇಲ್ಲಿ ಇಲ್ಲ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆಯು ನಿಂತುಹೋಗಿದೆ; ದಾಂಡೇಲಿಯದು ನಡೆಯುತ್ತಿದೆ. ಪ್ಲೈವುಡ್ ಕಾರ್ಖಾನೆಗಳು ಕೇರಳದ ಪೆರುಂಬಾವೂರು, ಹರಿಯಾಣದ ಯಮುನಾನಗರಗಳಲ್ಲಿ ಹೆಚ್ಚಾಗಿವೆ. ಮನೆಯಿಂದ ದೂರ ಹೋಗಲು ಮನಸ್ಸಿರಬೇಕು. ಪೀಠೋಪಕರಣ, ಮರದ ಪರೀಕ್ಷಾಲಯ, ಜೀವರಾಶಿಯ ಇಂಧನ, ಅಧ್ಯಾಪನ, ಸಂಶೋಧನೆ ಇವು ಉಳಿದ ದಾರಿಗಳು. ಸ್ಥಾನಗಳು ಕಡಮೆಯಾದರೂ ಬಲ್ಲವರು ಇನ್ನೂ ಕಡಮೆ.

ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ಮಗಳು ಪಿ.ಯು.ಸಿ. ಸೇರುವಾಗಲೇ ಗಮನಿಸತಕ್ಕದ್ದು. ಡೆಹರಾಡೂನಿನ ಈ ತರಗತಿಗೆ ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರಗಳಲ್ಲಿ ಬಿ.ಎಸ್‌ಸಿ. ಮಾಡಿದವರನ್ನು, ಇಲ್ಲವೆ ಅರಣ್ಯಶಾಸ್ತ್ರದ ಬಿ.ಎಸ್‌ಸಿ. ಆದವರನ್ನು ತೆಗೆದುಕೊಳ್ಳುವ ಪದ್ಧತಿಯಿದೆ. ಮರವು ಸಸ್ಯವಲ್ಲವೇ ಎಂದು ಗಣಿತವನ್ನು ಬಿಟ್ಟು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಹಿಡಿದ ಹುಡುಗಿಗೆ ಬಾಗಿಲು ಮುಚ್ಚಿರಬಹುದು. ಅರಣ್ಯ ಕಾಲೇಜಿನ ದಾರಿಯನ್ನು ಹಿಡಿಯುವವರು ವಿಜ್ಞಾನದಲ್ಲಿ ಪಿ.ಯು.ಸಿ. ಮುಗಿಸಿ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು; ಅಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕವಾದ ಸ್ಥಾನಗಳಿವೆ, ಅದಕ್ಕೆ ಜಮೀನಿನ ಪತ್ರಗಳು ಬೇಕಾಗುತ್ತವೆ. ನಿಯಮಗಳು ವರ್ಷವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ತರಿಸಿ ಓದಿಕೊಂಡು, ಅರ್ಜಿಯನ್ನು ಕೊನೆಯ ವಾರದವರೆಗೆ ಇಟ್ಟುಕೊಳ್ಳದೆ ಕಳುಹಿಸುವುದು ಒಳ್ಳೆಯದು.