ಬಿಸಿಯೇರಿ ನಿಂತ ಬೋಟಿನ ಎಂಜಿನ್: ಬಿಚ್ಚುವ ಮೊದಲು ನೋಡಬೇಕಾದುದೇನು?

ವಿಜಯನಗರದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಕೆಲವರ ಬೇರು ಕರಾವಳಿಯಲ್ಲಿದೆ. ಅಣ್ಣನೋ ಭಾವನೋ ಇಂದಿಗೂ ಮಲ್ಪೆಯಲ್ಲಿ ಇಲ್ಲವೇ ಮಂಗಳೂರಿನ ದಕ್ಕೆಯಲ್ಲಿ ಬೋಟಿನ ಪಾಲುದಾರನಾಗಿರುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನಗಳ ನಿಷೇಧವಿರುವಾಗ ಬೋಟುಗಳ ದುರಸ್ತಿ ನಡೆಯುತ್ತದೆ. ಎಂಜಿನ್ ಪೂರ್ತಿ ಬಿಚ್ಚಬೇಕಂತೆ, ಹಣ ಬೇಕು ಎಂಬ ಕರೆಯೂ ಆಗಲೇ ಬರುತ್ತದೆ. ಹಣ ಕಳುಹಿಸುವುದು ಬಂಧುಧರ್ಮವೇ ಸರಿ. ಆದರೆ ಯಾವ ಪರೀಕ್ಷೆಯ ಮೇಲೆ ಆ ತೀರ್ಮಾನಕ್ಕೆ ಬಂದರೆಂದು ಕೇಳುವುದು ಅವಿಶ್ವಾಸವಲ್ಲವೆಂದು ನಾವು ಭಾವಿಸುತ್ತೇವೆ. ಅನಗತ್ಯವಾಗಿ ಬಿಚ್ಚಿಸಿದರೆ ಸಾಲ ಬೆಳೆಯುತ್ತದೆ. ಬಿಚ್ಚಬೇಕಾದುದನ್ನು ಹಾಗೆಯೇ ಬಿಟ್ಟರೆ ಆಗಸ್ಟಿನ ಕಡಲಿನಲ್ಲಿ ಎಂಜಿನ್ ನಿಂತು ಬೋಟು ಅಲೆಗಳ ಪಾಲಾಗುತ್ತದೆ.

ಲಾರಿಗೆ ಎದುರುಗಾಳಿಯಿದೆ, ರೇಡಿಯೇಟರ್ ಇದೆ. ಬೋಟಿನ ಎಂಜಿನ್ನಿಗೆ ಸಮುದ್ರವೇ ತಂಪು. ಕೆಲವು ಬೋಟುಗಳಲ್ಲಿ ಉಪ್ಪುನೀರು ನೇರವಾಗಿ ಎಂಜಿನ್ನಿನ ಒಳಗೆ ಹರಿಯುತ್ತದೆ. ಕೆಲವದರಲ್ಲಿ ಒಳಗಿನ ಸಿಹಿನೀರನ್ನು ಹೊರಗಿನ ಉಪ್ಪುನೀರು ಕೊಳವೆಗಳ ಮೂಲಕ ತಣಿಸುತ್ತದೆ. ನೀರೆಳೆಯುವ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡರೂ ಸಾಕು, ಪಂಪು ಒಣಗಿ ಓಡುತ್ತದೆ. ಪಂಪಿನೊಳಗಿನ ರಬ್ಬರಿನ ರೆಕ್ಕೆಗಳು ಅಲ್ಪಕಾಲದಲ್ಲೇ ಸುಟ್ಟು ಹರಿಯುತ್ತವೆ. ಹರಿದ ರೆಕ್ಕೆಯ ಚೂರುಗಳು ಮುಂದಿನ ಕೊಳವೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಹೊಸ ರೆಕ್ಕೆ ಹಾಕಿದ ಬಳಿಕವೂ ಎಂಜಿನ್ ಮತ್ತೆ ಬಿಸಿಯಾಗುವುದುಂಟು. ಚೂರುಗಳನ್ನೆಲ್ಲ ಹುಡುಕಿ ಎಣಿಸಿದ ಮೇಲೆಯೇ ಪಂಪಿನ ಕೆಲಸ ಮುಗಿಯಿತೆನ್ನಬೇಕು.

ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದು ಅನೇಕರ ಅಭ್ಯಾಸ. ಕಾದ ಬಾಣಲೆಗೆ ತಣ್ಣೀರೆರಚಿದರೆ ಆಗುವುದೇನೆಂದು ನಮ್ಮ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರಿಯುತ್ತದೆ. ಅದು ತಾನಾಗಿಯೇ ಆರಲಿ.

ಆರಿದ ನಂತರ ಸ್ವಿಚ್ ಒತ್ತುವ ಆತುರವೂ ಬೇಡ. ಸಿಲಿಂಡರಿನೊಳಗೆ ನೀರು ಇಳಿದಿದ್ದರೆ ಪಿಸ್ಟನ್ ಅದನ್ನು ಅಮುಕಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರುಗಳನ್ನು ಕಳಚಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಬೇಕು. ರಂಧ್ರದಿಂದ ನೀರು ಚಿಮ್ಮಿದರೆ ಅರ್ಧ ಉತ್ತರ ಸಿಕ್ಕಂತೆಯೇ. ತಿರುಗದೆ ಕಚ್ಚಿಕೊಂಡಿದ್ದರೆ ಪಿಸ್ಟನ್ ಲೈನರಿಗೆ ಹಿಡಿದಿರುವ ಸಂಭವವಿದ್ದು, ಆಗ ಬಿಚ್ಚದೆ ಗತಿಯಿಲ್ಲ.

ಇನ್ನು ಎಣ್ಣೆ. ಅಳತೆಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆಯೆಂದರ್ಥ. ಕೂಡಲೇ "ಗ್ಯಾಸ್ಕೆಟ್ ಹೋಯಿತು" ಎನ್ನುವವರು ಬಹಳ. ನಾವು ಅಷ್ಟು ಬೇಗ ಒಪ್ಪಲಾರೆವು. ಎಣ್ಣೆಯನ್ನು ತಣಿಸುವ ಆಯಿಲ್ ಕೂಲರ್ ಸೋರಿದರೂ ಇದೇ ಬಣ್ಣ ಬರುತ್ತದೆ. ಅದನ್ನು ಪ್ರತ್ಯೇಕವಾಗಿ ಕಳಚಿ ಗಾಳಿಯ ಒತ್ತಡದಲ್ಲಿ ಪರೀಕ್ಷಿಸುವುದು ಅಗ್ಗದ ಕೆಲಸ. ಹೆಡ್ ಬಿಚ್ಚುವುದು ದುಬಾರಿ. ಸಿಹಿನೀರು ಬಳಸುವ ಎಂಜಿನ್ನಾದರೆ, ತಳದಿಂದ ತೆಗೆದ ನೀರಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕಿದಾಗ ದಟ್ಟ ಬಿಳಿ ಗಸಿ ಇಳಿದರೆ ಅದು ಉಪ್ಪುನೀರು, ಅಂದರೆ ದೋಷ ಹೊರಗಿನ ನೀರು ಹರಿಯುವ ದಾರಿಯಲ್ಲಿದೆ. ಇಷ್ಟನ್ನು ಪಿ.ಯು.ಸಿ. ವಿಜ್ಞಾನ ಓದುವ ನಮ್ಮ ಮಕ್ಕಳೂ ಮಾಡಬಲ್ಲರು. ಮಳೆಗಾಲದಲ್ಲಿ ಎಣ್ಣೆ ಹಾಕುವ ಮುಚ್ಚಳದ ಅಡಿಯಲ್ಲಿ ಮಾತ್ರ ಕಾಣುವ ತೆಳು ಬಿಳಿನೊರೆ ಬರಿಯ ತೇವ, ಅದಕ್ಕೆ ಹೆದರಬೇಕಿಲ್ಲ. ಉಪ್ಪುನೀರು ಸೇರಿದ್ದೇ ಆದರೆ ಎಣ್ಣೆಯನ್ನು ಅಂದೇ ಬದಲಿಸಬೇಕು. ತಡಮಾಡಿದರೆ ಬೇರಿಂಗುಗಳು ಕೆಲವೇ ದಿನಗಳಲ್ಲಿ ತುಕ್ಕುಹಿಡಿದು, ಸಣ್ಣ ದೋಷ ದೊಡ್ಡದಾಗುತ್ತದೆ.

ಎಂಜಿನ್ ಓಡುತ್ತಿದ್ದು, ಹೊಗೆ ಬೆಳ್ಳಗಿದ್ದು, ಎಲ್ಲಿಯೂ ಸೋರದೆ ಸಿಹಿನೀರು ಕಡಿಮೆಯಾಗುತ್ತಿದ್ದರೆ, ನೀರಿನ ತೊಟ್ಟಿಯಲ್ಲಿ ಸತತ ಗುಳ್ಳೆಗಳೇಳುತ್ತಿದ್ದರೆ ಸಂಶಯ ಗ್ಯಾಸ್ಕೆಟಿನತ್ತ ತಿರುಗಬೇಕು. ಪ್ರತಿ ಸಿಲಿಂಡರಿನ ಒತ್ತಡ ಅಳೆಯಲಿ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ಒತ್ತಡ ಕುಸಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವುದು ಬಹುತೇಕ ಖಚಿತ. ಒಂದೇ ಸಿಲಿಂಡರ್ ಕುಸಿದಿದ್ದರೆ ಅದಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಏರಿದರೆ ರಿಂಗುಗಳ ದೋಷ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟಿನದು.

ಹೆಡ್ ಕಳಚಲೇಬೇಕಾಯಿತೆನ್ನೋಣ. ಅದರ ಮೇಲೆ ನೇರ ಉಕ್ಕಿನ ಪಟ್ಟಿಯಿಟ್ಟು ಸಂದಿಯಲ್ಲಿ ಫೀಲರ್ ಗೇಜ್ ತೂರಿಸಿ ನೋಡಬೇಕು. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬಾಗಿದ್ದರೂ ಹೊಸ ಗ್ಯಾಸ್ಕೆಟ್ ಬಹುಕಾಲ ಬಾಳದು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುವುದರಿಂದ ಅಲ್ಯೂಮಿನಿಯಂ ಹೆಡ್‌ಗಳು ಬೇಗ ಬಾಗುತ್ತವೆ. ಬಿರುಕಿನ ಪರೀಕ್ಷೆಯೂ ಅಗತ್ಯ: ನೀರಿನ ದಾರಿಗಳನ್ನು ಮುಚ್ಚಿ, ಒಳಗೆ ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿದರೆ ಬಿರುಕಿದ್ದೆಡೆಯಿಂದ ಗುಳ್ಳೆ ಬರುತ್ತದೆ. ಇಂಥ ಕೆಲಸ ಬಲ್ಲ ಕಾರ್ಯಾಗಾರಗಳು ನಮ್ಮ ಬೆಂಗಳೂರಿನಲ್ಲಿಯೂ ಇವೆ. ಪೀಣ್ಯ, ರಾಜಾಜಿನಗರದ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಬಹುದು. ಬೋಟುಗಳಲ್ಲಿರುವ ಎಂಜಿನ್‌ಗಳಲ್ಲಿ ಅನೇಕವು ಮೂಲತಃ ಲಾರಿಯವೇ ಆದ್ದರಿಂದ ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯಲ್ಲಿಯೂ ಹುಡುಕಬಹುದು.

ನಾಡದೋಣಿಗಳ ಹೊರಕಟ್ಟು ಎಂಜಿನ್ನಿಗೆ ಸುಲಭವಾದ ಸೂಚನೆಯೊಂದಿದೆ: ಪಕ್ಕದ ಸಣ್ಣ ರಂಧ್ರದಿಂದ ಚಿಮ್ಮುವ ನೀರಿನ ಎಳೆ. ಅದು ತೆಳುವಾದರೆ ಕೂಡಲೇ ನಿಲ್ಲಿಸಬೇಕು.

ದುರಸ್ತಿಯಾದ ಎಂಜಿನ್ನನ್ನು ದಕ್ಕೆಗೆ ಕಟ್ಟಿದ ಬೋಟಿನಲ್ಲಿಯೇ ಗಂಟೆಗಟ್ಟಲೆ ಓಡಿಸಿ, ಉಷ್ಣಮಾಪಕವನ್ನು ಗಮನಿಸಿ, ಮರುದಿನ ತಣ್ಣಗಿರುವಾಗ ಎಣ್ಣೆ ಮತ್ತು ನೀರಿನ ಮಟ್ಟವನ್ನು ಮತ್ತೊಮ್ಮೆ ನೋಡಬೇಕು. ನೀರು ಇಳಿದಿದ್ದರೆ ಜುಲೈ ಮುಗಿಯುವ ಮುನ್ನವೇ ಮತ್ತೆ ಹೆಡ್ ಬಿಚ್ಚಿಸಲಿ.